ಮೊದಲು ನಕ್ಷೆ, ಆಮೇಲೆ ಯಂತ್ರ: ಮಲೆನಾಡಿನ ಬೈಕ್ ಸವಾರಿಗೆ ಜಿಪಿಎಸ್ ಆರಿಸುವುದು

(ಮಳೆಗಾಲ ಹಿಡಿಯುವ ಹೊತ್ತಿಗೆ ಶಿವಮೊಗ್ಗದಲ್ಲಿ ಬೈಕ್ ಸವಾರರ ಮುಂದೆ ಆಡಿದ ಮಾತುಗಳ ಬರಹ ರೂಪ.)

ನನ್ನದು ಗಾಡಿಗಳ ವೈರಿಂಗ್ ಕೆಲಸ. ದಿನ ಬೆಳಗಾದರೆ ಹಾರ್ನು, ಲೈಟು, ಬ್ಯಾಟರಿ, ಇವೇ ನನ್ನ ಕೈಯಲ್ಲಿರುತ್ತವೆ. ಈಚೆಗೆ ಅಂಗಡಿಗೆ ಬರುವವರು ಒಂದು ಪ್ರಶ್ನೆಯನ್ನು ಜಾಸ್ತಿ ಕೇಳುತ್ತಾರೆ. ‘ಅಣ್ಣಾ, ಟೂರಿಂಗಿಗೆ ಯಾವ ಜಿಪಿಎಸ್ ತಗೊಳ್ಳಲಿ?’ ನಾನು ಅವರಿಗೆ ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ‘ಯಾವ ಸಿದ್ದಾಪುರಕ್ಕೆ ಹೋಗ್ತೀಯಪ್ಪಾ?’

ಇದಕ್ಕೆ ಕಾರಣ ಇದೆ. ಒಬ್ಬ ಹುಡುಗ ಇಲ್ಲಿಂದ ಗೆಳೆಯನ ಮನೆಗೆಂದು ಸಿದ್ದಾಪುರಕ್ಕೆ ಹೊರಟ. ಅವನು ಹೋಗಬೇಕಾದದ್ದು ಸಾಗರ, ತಾಳಗುಪ್ಪ ದಾಟಿ ಸಿಗುವ ಉತ್ತರ ಕನ್ನಡದ ಸಿದ್ದಾಪುರಕ್ಕೆ. ಫೋನಿನಲ್ಲಿ ಹೆಸರು ಹೊಡೆದ, ಮೊದಲು ಬಂದದ್ದನ್ನು ಒತ್ತಿದ. ಅದು ಕುಂದಾಪುರದ ಹತ್ತಿರದ ಸಿದ್ದಾಪುರ. ಆಯನೂರಿನಿಂದ ರಿಪ್ಪನ್‌ಪೇಟೆ ಕಡೆಗೆ ತಿರುಗಿಸಿತು, ಹೊಸನಗರ ದಾಟಿಸಿತು, ನಗರ ದಾಟಿಸಿತು. ಮಾಸ್ತಿಕಟ್ಟೆಯಲ್ಲಿ ಚಹಾ ಕುಡಿಯಲು ನಿಲ್ಲಿಸಿದಾಗ ಅಂಗಡಿಯವರು, ‘ಮುಂದೆ ಹುಲಿಕಲ್ ಘಾಟಿ, ಮಂಜು ಬಿದ್ದಿದೆ, ನಿಧಾನ ಹೋಗಿ’ ಅಂದರಂತೆ. ಘಾಟಿ ಯಾಕೆ ಇಳಿಯಬೇಕು ಅಂತ ಅವನಿಗೆ ಆಗ ಹೊಳೆಯಿತು. ಕೊಡಗಿನಲ್ಲೂ ಒಂದು ಸಿದ್ದಾಪುರ ಇದೆ, ಪುಣ್ಯಕ್ಕೆ ಅದನ್ನು ಒತ್ತಿರಲಿಲ್ಲ.

ಅವನ ಫೋನಿನಲ್ಲಿ ಏನೂ ತಪ್ಪಿರಲಿಲ್ಲ. ಉಪಗ್ರಹ ಅವನು ಎಲ್ಲಿದ್ದಾನೆ ಅಂತ ಸರಿಯಾಗೇ ಹೇಳುತ್ತಿತ್ತು. ಇವತ್ತು ನಾನು ಹೇಳಬೇಕೆಂದಿರುವುದು ಇಲ್ಲಿಂದಲೇ ಶುರು. ನಾವು ‘ಜಿಪಿಎಸ್’ ಅಂತ ಒಂದೇ ಹೆಸರಿನಲ್ಲಿ ಕರೆಯುವುದು ಮೂರು ಬೇರೆ ಬೇರೆ ವಸ್ತುಗಳನ್ನು. ಒಂದು, ನೀವು ಎಲ್ಲಿದ್ದೀರಿ ಅಂತ ಕಂಡುಹಿಡಿಯುವ ರಿಸೀವರ್. ಎರಡು, ಸುತ್ತ ಏನಿದೆ ಅಂತ ತೋರಿಸುವ ನಕ್ಷೆ. ಮೂರು, ಯಾವ ದಾರಿ ಹಿಡಿಯಬೇಕು ಅಂತ ಲೆಕ್ಕ ಹಾಕುವ ತಂತ್ರಾಂಶ. ಮೊದಲನೆಯದು ಇವತ್ತು ಹೆಚ್ಚುಕಡಿಮೆ ಎಲ್ಲ ಯಂತ್ರದಲ್ಲೂ ಚೆನ್ನಾಗಿದೆ. ನಮ್ಮ ಕಡೆ ಜನ ದಾರಿ ತಪ್ಪುವುದು ಎರಡನೆಯದರಿಂದ ಮತ್ತು ಮೂರನೆಯದರಿಂದ. ದುಡ್ಡು ಸುರಿಯುವುದು ಮಾತ್ರ ಮೊದಲನೆಯದನ್ನು ನೋಡಿ.

ಇನ್ನೊಂದು ತಪ್ಪು ತಿಳಿವಳಿಕೆ ತುಂಬ ಜನರಲ್ಲಿದೆ. ‘ಆಗುಂಬೆ ಕಡೆ ಸಿಗ್ನಲ್ ಇಲ್ಲ, ಅಲ್ಲಿ ಜಿಪಿಎಸ್ ನಡೆಯಲ್ಲ’ ಅನ್ನುತ್ತಾರೆ. ಟವರ್ ಸಿಗ್ನಲ್ಲಿಗೂ ಜಿಪಿಎಸ್‌ಗೂ ಸಂಬಂಧ ಬಹಳ ಕಡಿಮೆ. ಜಿಪಿಎಸ್ ಉಪಗ್ರಹಗಳು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುತ್ತವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರ ಇದೆ. ಅವು ಸದಾ ಸಮಯವನ್ನು ಕೂಗಿ ಹೇಳುತ್ತಿರುತ್ತವೆ. ನಿಮ್ಮ ಯಂತ್ರ ಅದನ್ನು ಕೇಳಿಸಿಕೊಂಡು, ಕೂಗು ಬಂದು ಮುಟ್ಟಲು ಎಷ್ಟು ಹೊತ್ತಾಯಿತು ಅಂತ ನೋಡಿ ದೂರ ಲೆಕ್ಕ ಹಾಕುತ್ತದೆ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಪ್ಪಿದರೂ 300 ಮೀಟರ್ ತಪ್ಪುತ್ತದೆ. ಅದಕ್ಕೇ ಜಾಗ ತಿಳಿಯಲು ಮೂರು ಉಪಗ್ರಹ, ನಿಮ್ಮ ಯಂತ್ರದ ಗಡಿಯಾರ ಸರಿಮಾಡಿಕೊಳ್ಳಲು ಇನ್ನೊಂದು, ಒಟ್ಟು ನಾಲ್ಕಾದರೂ ಕಾಣಬೇಕು. ಇದರಲ್ಲಿ ಮೊಬೈಲ್ ಟವರ್ ಎಲ್ಲೂ ಬರುವುದಿಲ್ಲ.

ಟವರ್ ಬೇಕಾಗುವುದು ಎರಡು ಕೆಲಸಕ್ಕೆ. ಉಪಗ್ರಹಗಳು ಈಗ ಎಲ್ಲೆಲ್ಲಿವೆ ಅನ್ನುವ ಪಟ್ಟಿಯನ್ನು ಫೋನು ಟವರ್ ಮೂಲಕ ಬೇಗ ತರಿಸಿಕೊಳ್ಳುತ್ತದೆ. ಟವರ್ ಇಲ್ಲದಿದ್ದರೆ ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು. ಬಯಲಲ್ಲಾದರೆ ಅರ್ಧ ನಿಮಿಷದ ಕೆಲಸ, ದಟ್ಟ ಮರದ ಕೆಳಗೆ ಕೆಲವು ನಿಮಿಷ ಹಿಡಿಯುತ್ತದೆ. ಹಾಗಾಗಿ ತೀರ್ಥಹಳ್ಳಿಯಲ್ಲೇ, ಬಯಲಿನಲ್ಲೇ ಯಂತ್ರ ಹಾಕಿ ಜಾಗ ಹಿಡಿಸಿಕೊಂಡು ಹೊರಡಿ. ಎರಡನೆಯದು ನಕ್ಷೆ. ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಂಡಿರದಿದ್ದರೆ ಏನಾಗುತ್ತದೆ ಗೊತ್ತಲ್ವಾ? ಬರೀ ಬೂದು ಹಾಳೆ, ಮಧ್ಯದಲ್ಲಿ ಒಂದು ನೀಲಿ ಚುಕ್ಕಿ. ಚುಕ್ಕಿ ಸರಿಯಾದ ಜಾಗದಲ್ಲೇ ಇದೆ, ಆದರೆ ಅದರಿಂದ ನಿಮಗೇನು ಪ್ರಯೋಜನ?

ಹಾಗಾಗಿ ಮೊದಲು ನಕ್ಷೆಯ ಮಾತು.

ನಕ್ಷೆಯನ್ನು ನಂಬುವ ಮುಂಚೆ ಅದರ ವಯಸ್ಸು ಕೇಳಿ. ಸಿಗಂದೂರಿನ ಉದಾಹರಣೆ ತಗೊಳ್ಳೋಣ. ಅಂಬಾರಗೋಡ್ಲು, ಕಳಸವಳ್ಳಿ ನಡುವೆ ಶರಾವತಿ ಹಿನ್ನೀರಿನ ಮೇಲೆ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. ಸಂಜೆ ಕೊನೆಯ ಲಾಂಚ್ ತಪ್ಪಿದರೆ ಹೊಸನಗರ ಸುತ್ತಿ ಬರಬೇಕಿತ್ತು. ಹಳೆಯ ನಕ್ಷೆ ಇರುವ ಯಂತ್ರ ಇವತ್ತಿಗೂ ನಿಮ್ಮನ್ನು ಹಾಗೇ ಸುತ್ತಿಸುತ್ತದೆ. ಕಣ್ಣೆದುರು ಸೇತುವೆ ಇದ್ದರೂ ‘ಹಿಂದಕ್ಕೆ ತಿರುಗಿ’ ಅನ್ನುತ್ತದೆ. ಯಂತ್ರ ಕೊಳ್ಳುವಾಗ ಅಂಗಡಿಯಲ್ಲೇ ನಿಂತು ಈ ಜಾಗ ತೆಗೆದು ನೋಡಿ. ಸೇತುವೆ ಇದೆಯೋ ಇಲ್ಲವೋ? ಅಷ್ಟರಲ್ಲೇ ಆ ನಕ್ಷೆಯ ಬಗ್ಗೆ ಅರ್ಧ ಗೊತ್ತಾಗುತ್ತದೆ. ನಕ್ಷೆ ನವೀಕರಣಕ್ಕೆ ಮುಂದೆ ದುಡ್ಡು ಕೇಳುತ್ತಾರೋ ಇಲ್ಲವೋ ಅದನ್ನೂ ಆಗಲೇ ಕೇಳಿಬಿಡಿ.

ಹಿನ್ನೀರಿನ ವಿಷಯ ಬಂತು, ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ. ಅದಕ್ಕೂ ಮುಂಚೆ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಇತ್ತು, ಅದೇ ಈಗ ನೀರಿನಡಿ ಇದೆ. ನೀರು ತೀರ ಇಳಿದ ಬೇಸಿಗೆಯಲ್ಲಿ ಅದು ಮೇಲೆ ಕಾಣುತ್ತದೆ, ಹಳೆಯ ರಸ್ತೆಗಳೂ ಕಾಣುತ್ತವೆ. ಉಪಗ್ರಹದ ಚಿತ್ರ ತೆಗೆದದ್ದು ಮೇ ತಿಂಗಳಲ್ಲಾದರೆ ಅಲ್ಲಿ ಒಣ ನೆಲ. ನೀವು ಹೋಗುವುದು ಸೆಪ್ಟೆಂಬರಿನಲ್ಲಾದರೆ ಅಲ್ಲಿ ಆಳವಾದ ನೀರು. ಹಿನ್ನೀರಿನ ಅಂಚಿನಲ್ಲಿ ಹಾದುಹೋಗುವ ಸಣ್ಣ ಗೆರೆಯನ್ನು ನೋಡಿ ‘ಇಲ್ಲಿ ದಾರಿ ಇದೆ’ ಅಂತ ತೀರ್ಮಾನ ಮಾಡಬೇಡಿ. ಯಾವ ಕಂಪನಿಯ ನಕ್ಷೆಯಾದರೂ ಇದೇ ಎಚ್ಚರ ಬೇಕು.

ಮಲೆನಾಡಿನ ನಕ್ಷೆಗೆ ಇನ್ನೊಂದು ತೊಡಕಿದೆ. ಇಲ್ಲಿ ರಸ್ತೆ ಅಂದರೆ ಎಲ್ಲವೂ ರಸ್ತೆಯಲ್ಲ. ಒಂದು ಸಲ ಹೊಸನಗರದ ಆಚೆ ನನ್ನ ಫೋನು ಒಂದು ಅಡ್ಡದಾರಿ ತೋರಿಸಿತು. ಹನ್ನೆರಡು ನಿಮಿಷ ಉಳಿತಾಯ ಅಂತ ಬೇರೆ ಬರೆದಿತ್ತು. ಡಾಂಬರು ಮುಗಿದು ಮಣ್ಣು ಬಂತು. ಮಣ್ಣು ಹೋಗಿ ಹುಲ್ಲು ಬಂತು. ಆಮೇಲೆ ಒಂದು ದಣಪೆ, ಅಂದರೆ ಗಳ ಅಡ್ಡಹಾಕಿದ ಬೇಲಿಬಾಗಿಲು. ನಕ್ಷೆಯಲ್ಲಿ ಗೆರೆ ಮುಂದಕ್ಕೆ ಹೋಗುತ್ತಲೇ ಇದೆ. ದಣಪೆಯ ಆಚೆ ಅಡಿಕೆ ತೋಟ, ತೋಟದ ಕೆಳಗೆ ಹಳ್ಳ, ಹಳ್ಳದ ಮೇಲೆ ಎರಡು ಅಡಿಕೆ ಮರ ಜೋಡಿಸಿದ ಕಾಲುಸಂಕ. ಮನೆಯ ಅಮ್ಮ ಹೊರಗೆ ಬಂದರು. ‘ಅಮ್ಮಾ, ಈ ದಾರಿ ಆ ಕಡೆ ಹೋಗ್ತದಾ?’ ಅಂತ ಕೇಳಿದೆ. ‘ಹೋಗ್ತದೆ, ಮಕ್ಕಳು ಶಾಲೆಗೆ ಅದರಲ್ಲೇ ಹೋಗೋದು’ ಅಂದರು. ಅವರು ಹೇಳಿದ್ದು ನಿಜ, ನಕ್ಷೆ ಹೇಳಿದ್ದೂ ನಿಜ. ಯಾರೋ ಆ ದಾರಿಯಲ್ಲಿ ಓಡಾಡುತ್ತಾರೆ. ಬೈಕು ಹೋಗುವುದಿಲ್ಲ, ಅಷ್ಟೆ. ಆ ಅಮ್ಮ ಮಜ್ಜಿಗೆ ಕೊಟ್ಟರು, ಗಾಡಿ ತಿರುಗಿಸಲು ಅಂಗಳ ಬಿಟ್ಟುಕೊಟ್ಟರು. ಇಂಥವರ ತೋಟದೊಳಗೆ ದಿನಾ ನಾಲ್ಕು ಬೈಕು ನುಗ್ಗಿದರೆ ಅವರಿಗೆ ಹೇಗಾಗಬೇಡ?

ಇದಕ್ಕೆ ಏನು ಮಾಡಬೇಕು? ಎರಡು ನಕ್ಷೆ ಇಟ್ಟುಕೊಳ್ಳಿ. ದೊಡ್ಡ ರಸ್ತೆಗೆ, ಊರು ಹುಡುಕಲಿಕ್ಕೆ ಗೂಗಲ್ ಮ್ಯಾಪ್ಸ್ ಚೆನ್ನಾಗಿದೆ. 2017ರ ಡಿಸೆಂಬರಿನಿಂದ ಅದರಲ್ಲಿ ದ್ವಿಚಕ್ರ ವಾಹನಕ್ಕೇ ಬೇರೆ ದಾರಿ ತೋರಿಸುವ ಸೌಲಭ್ಯ ಇದೆ, 2018ರಿಂದ ಕನ್ನಡದಲ್ಲೂ ದಾರಿ ಹೇಳುತ್ತದೆ. ಎರಡನೆಯದಾಗಿ ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಒಂದು ನಕ್ಷೆ ಇರಲಿ. ಓಎಸ್‌ಎಂಅಂಡ್, ಆರ್ಗಾನಿಕ್ ಮ್ಯಾಪ್ಸ್, ಹೀಗೆ ಬರುತ್ತವೆ. 2004ರಲ್ಲಿ ಶುರುವಾದ ಈ ನಕ್ಷೆಯನ್ನು ಜನರೇ ಸೇರಿ ಬರೆಯುತ್ತಾರೆ. ಇದರಲ್ಲಿ ಡಾಂಬರು ರಸ್ತೆ, ಜೀಪ್ ದಾರಿ, ಕಾಲುದಾರಿ, ಎಲ್ಲಕ್ಕೂ ಬೇರೆ ಬೇರೆ ಗುರುತು. ಚುಕ್ಕಿ ಚುಕ್ಕಿ ಗೆರೆ ಕಂಡರೆ ಅದು ಬೈಕಿಗಲ್ಲ. ಇಡೀ ಕರ್ನಾಟಕವನ್ನು ಇಳಿಸಿಟ್ಟುಕೊಳ್ಳಬಹುದು, ನೆಟ್ ಇಲ್ಲದೆಯೇ ದಾರಿ ಲೆಕ್ಕ ಹಾಕುತ್ತದೆ. ನಿಮ್ಮೂರಿನ ಕಾಲುಸಂಕ ಅದರಲ್ಲಿ ರಸ್ತೆ ಅಂತ ಬಿದ್ದಿದ್ದರೆ ನೀವೇ ತಿದ್ದಬಹುದು. ನಾನು ಆ ದಣಪೆಯ ದಾರಿಯನ್ನು ಮನೆಗೆ ಬಂದ ರಾತ್ರಿಯೇ ತಿದ್ದಿದೆ. ನೀವೂ ತಿದ್ದಿ ಅಂತ ಕೈಮುಗಿದು ಕೇಳುತ್ತೇನೆ. ನಮ್ಮ ಕಡೆಯ ನಕ್ಷೆ ನಾವು ಬರೆಯದೆ ಮತ್ಯಾರು ಬರೆಯಬೇಕು?

ವಿದೇಶದಿಂದ ಯಂತ್ರ ತರಿಸುವವರಿಗೆ ಒಂದು ಕಿವಿಮಾತು. ಅಮೆರಿಕದಿಂದ ಅಣ್ಣ ತಂದುಕೊಟ್ಟ ಯಂತ್ರ ಹಿಡಿದು ಒಬ್ಬರು ಬಂದಿದ್ದರು. ಒಳ್ಳೆಯ ವಸ್ತು. ಆದರೆ ಅದರಲ್ಲಿ ಅಮೆರಿಕದ ಓಣಿ ಓಣಿ ಇತ್ತು, ಶಿವಮೊಗ್ಗ ಇರಬೇಕಾದ ಕಡೆ ಒಂದೆರಡು ಹೆದ್ದಾರಿಯ ಗೆರೆ, ಅಷ್ಟೇ. ಗಾರ್ಮಿನ್ ಕಂಪನಿಯ ಜಿಪಿಎಸ್ ಯಂತ್ರಗಳಿಗೆ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಉಚಿತ ನಕ್ಷೆ ಹಾಕಿಕೊಳ್ಳಬಹುದು. ಆದರೆ ಆ ಕೆಲಸ ನಿಮಗೆ ಬರುತ್ತದೆಯೇ, ಇಲ್ಲಾ ಮಾಡಿಕೊಡುವವರು ಇದ್ದಾರೆಯೇ ಅಂತ ನೋಡಿಕೊಂಡೇ ತರಿಸಿ.

ಈಗ ಘಾಟಿಗೆ ಬರೋಣ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. ಮೇಲಿನ ರಸ್ತೆ, ಕೆಳಗಿನ ರಸ್ತೆ ಕೆಲವು ಕಡೆ ತೀರ ಹತ್ತಿರ. ಬಯಲಲ್ಲಿ ಫೋನಿನ ಜಿಪಿಎಸ್ ಐದು ಮೀಟರ್ ಆಸುಪಾಸಿನಲ್ಲಿ ಸರಿಯಾಗಿರುತ್ತದೆ. ಘಾಟಿಯಲ್ಲಿ ಒಂದು ಪಕ್ಕ ಬಂಡೆ, ಮೇಲೆ ಒದ್ದೆ ಎಲೆ. ಆಕಾಶ ಕಾಣುವುದೇ ಒಂದು ಸೀಳು. ಅಲ್ಲಿ ತಪ್ಪು ಜಾಸ್ತಿಯಾಗುತ್ತದೆ. ಯಂತ್ರ ನಿಮ್ಮನ್ನು ಹತ್ತಿರದ ರಸ್ತೆಗೆ ಅಂಟಿಸಲು ನೋಡುತ್ತದೆ, ಆಗ ಒಮ್ಮೊಮ್ಮೆ ಕೆಳಗಿನ ಸುತ್ತಿಗೆ ಅಂಟಿಸುತ್ತದೆ. ಘಾಟಿಯಲ್ಲಿ ಅದರ ಮಾತು ಕೇಳಬೇಕಾದ ಅಗತ್ಯವೇ ಇಲ್ಲ, ಇರುವುದೇ ಒಂದು ರಸ್ತೆ. ದನಿ ಬಂದ್ ಮಾಡಿ, ಕಣ್ಣು ರಸ್ತೆಯ ಮೇಲಿಡಿ.

ಆದರೂ ಕೊಳ್ಳುವಾಗ ಬರೀ ಜಿಪಿಎಸ್ ಹಿಡಿಯುವ ಯಂತ್ರಕ್ಕಿಂತ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಈ ಬೇರೆ ದೇಶದ ಉಪಗ್ರಹಗಳನ್ನೂ ಹಿಡಿಯುವುದನ್ನೇ ತಗೊಳ್ಳಿ. ಸೀಳು ಆಕಾಶದಲ್ಲಿ ಎಷ್ಟು ಜಾಸ್ತಿ ಉಪಗ್ರಹ ಕಂಡರೆ ಅಷ್ಟು ಒಳ್ಳೆಯದು. ಇದೇ ಕೆಲಸಕ್ಕೆ ನಮ್ಮ ದೇಶದ್ದೇ ನಾವಿಕ್ ಇದೆ. ಅದನ್ನು ನೋಡಿಕೊಳ್ಳುವ ಇಸ್ರೊ ಕೇಂದ್ರ ಬೆಂಗಳೂರಿನ ಹತ್ತಿರ ಬ್ಯಾಲಾಳಿನಲ್ಲಿದೆ. ನಾವಿಕ್ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭಾರತದ ಸುತ್ತಲ ಆಕಾಶದಲ್ಲೇ ಇರುತ್ತವೆ, ಜಿಪಿಎಸ್‌ನವುಗಳ ಹಾಗೆ ಭೂಮಿಯ ಆಚೆ ಮಗ್ಗುಲಿಗೆ ಹೋಗುವುದಿಲ್ಲ. ಎಲ್5 ಅನ್ನುವ ಎರಡನೇ ತರಂಗಾಂತರ ಹಿಡಿಯುವ ಫೋನುಗಳು ಈಗ ಸಿಗುತ್ತವೆ. ಎರಡು ತರಂಗ ಹಿಡಿದರೆ ಬಂಡೆಗೆ ಬಡಿದು ಬರುವ ಸುಳ್ಳು ದನಿಯನ್ನು ಯಂತ್ರ ಚೆನ್ನಾಗಿ ಗುರುತಿಸುತ್ತದೆ.

ಇನ್ನು ಮಳೆ. ನನಗೆ ಇದೇ ಮುಖ್ಯ.

ಒಂದು ಜುಲೈ ಸಂಜೆ ಹುಲಿಕಲ್ ಘಾಟಿ ಹತ್ತುತ್ತಿದ್ದೆ. ಫೋನು ಹ್ಯಾಂಡಲ್ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ. ಚೀಲದ ಮೇಲೆ ಹನಿ ಬೀಳುತ್ತಿದೆ. ಮೊದಲು ನಕ್ಷೆ ತಾನಾಗಿ ಹಿಗ್ಗಿತು, ಆಮೇಲೆ ಕುಗ್ಗಿತು. ಒಂದು ದಪ್ಪ ಹನಿ ಬಿದ್ದು ಪರದೆಯ ಮೇಲೆ ಜಾರಿದ್ದೇ ತಡ, ಹಾಕಿದ್ದ ದಾರಿಯೇ ರದ್ದಾಯಿತು. ನಿಲ್ಲಿಸಿ ಕೈಗವಸು ತೆಗೆದೆ. ಬೆರಳು ಒದ್ದೆ, ಚೀಲದೊಳಗೆ ಉಸಿರು ಕಟ್ಟಿದ ಹಾಗೆ ಮಂಜು. ಒತ್ತಿದ್ದು ಒಂದು, ಆದದ್ದು ಇನ್ನೊಂದು. ಅಷ್ಟರಲ್ಲಿ ಕತ್ತಲಾಯಿತು, ಹಿಂದೆ ಬರುತ್ತಿದ್ದ ಬಸ್ಸು ನನ್ನನ್ನು ಕೊನೇ ಗಳಿಗೆಯಲ್ಲಿ ಕಂಡು ಬ್ರೇಕ್ ಹಾಕಿತು. ಆ ಬ್ರೇಕಿನ ಸದ್ದು ನನಗೆ ಇನ್ನೂ ನೆನಪಿದೆ.

ಫೋನಿನ ಪರದೆ ಬೆರಳಿನ ವಿದ್ಯುತ್ ಗುಣವನ್ನು ಹಿಡಿದು ಕೆಲಸ ಮಾಡುತ್ತದೆ. ನೀರಿಗೂ ಆ ಗುಣ ಇದೆ. ಹಾಗಾಗಿ ಪರದೆಗೆ ಹನಿಯೂ ಒಂದು ಬೆರಳೇ. ದಪ್ಪ ಕೈಗವಸು ಹಾಕಿದ ಬೆರಳು ಮಾತ್ರ ಬೆರಳಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರಿಗೂ ಜಾಸ್ತಿ ಮಳೆ. ಇಂಥ ಕಡೆ ಯಂತ್ರ ಒಯ್ಯುವವರು ಮೊದಲು ಕೇಳಬೇಕಾದ್ದು ಇದನ್ನೇ: ಒದ್ದೆ ಕೈಗವಸಿನಲ್ಲಿ ಇದನ್ನು ಒತ್ತಬಹುದಾ?

ಬೈಕಿಗೆಂದೇ ಮಾಡಿದ ಯಂತ್ರಗಳು ಇಲ್ಲಿ ಗೆಲ್ಲುತ್ತವೆ. ಗಾರ್ಮಿನ್‌ನವರ ಜೂಮೊ ಎಕ್ಸ್‌ಟಿ 2020ರಲ್ಲಿ ಬಂತು, ಐದೂವರೆ ಇಂಚಿನ ಪರದೆ. ಎಕ್ಸ್‌ಟಿ2 2023ರಲ್ಲಿ ಬಂತು, ಆರು ಇಂಚು. ಕೈಗವಸಿನಲ್ಲಿ ಕೆಲಸ ಮಾಡುತ್ತವೆ, ಬಿಸಿಲಿನಲ್ಲಿ ಚೆನ್ನಾಗಿ ಕಾಣುತ್ತವೆ, ನಡುಕಕ್ಕೆ ಜಗ್ಗುವುದಿಲ್ಲ. ಬೆಲೆ ಹತ್ತಾರು ಸಾವಿರ. ಪರದೆ ಮುಟ್ಟುವ ಗೋಜೇ ಬೇಡ ಅನ್ನುವವರಿಗೆ ಇಟ್ರೆಕ್ಸ್ 22ಎಕ್ಸ್, 32ಎಕ್ಸ್ ಥರದ ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ. ಪರದೆ ಎರಡು ಇಂಚಿಗಿಂತ ಸ್ವಲ್ಪ ದೊಡ್ಡದು, ಎಲ್ಲವೂ ಬಟನ್. ಎರಡು ಎಎ ಸೆಲ್ ಹಾಕಿದರೆ ಸುಮಾರು 25 ಗಂಟೆ ಬರುತ್ತದೆ. ಸೆಲ್ ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ. ದಾರಿ ಹೇಳಿಸಿಕೊಳ್ಳಲು ಅದು ಸಣ್ಣದೇ, ಆದರೆ ಕೊಡಚಾದ್ರಿ ಕಡೆ ಗಾಡಿ ಬಿಟ್ಟು ನಡೆಯುವಾಗ ಜೇಬಿನಲ್ಲಿರಬೇಕಾದ ವಸ್ತು.

ಡಬ್ಬದ ಮೇಲೆ ಐಪಿಎಕ್ಸ್7 ಅಂತ ಬರೆದಿರುತ್ತಾರೆ. ಒಂದು ಮೀಟರ್ ನಿಂತ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಒಳಗೆ ನೀರು ಹೋಗುವುದಿಲ್ಲ ಅಂತ ಅದರ ಅರ್ಥ. ರಭಸವಾಗಿ ಚಿಮ್ಮುವ ನೀರಿನ ಪರೀಕ್ಷೆ ಬೇರೆ, ಅದು ಐಪಿಎಕ್ಸ್5, 6. ಅರವತ್ತರ ವೇಗದಲ್ಲಿ ಮಳೆಗೆ ಎದುರಾಗಿ ಹೋಗುವುದು ಈ ಎರಡನೇ ಥರದ್ದು. ಚಾರ್ಜ್ ಹಾಕಲು ರಬ್ಬರ್ ಮುಚ್ಚಳ ತೆರೆದರೆ ಈ ಯಾವ ಅಂಕಿಯೂ ಲೆಕ್ಕಕ್ಕಿಲ್ಲ. ಎಷ್ಟೋ ಫೋನುಗಳು ಚಾರ್ಜಿಂಗ್ ತೂತಿನಲ್ಲಿ ನೀರು ಕಂಡ ತಕ್ಷಣ ಚಾರ್ಜ್ ನಿಲ್ಲಿಸುತ್ತವೆ. ಮಳೆಯಲ್ಲಿ ಬ್ಯಾಟರಿ ಮುಗಿಯುವುದು ಇದರಿಂದ.

ಹಾಗಾದರೆ ಫೋನು ಬೇಡವೇ ಬೇಡವಾ? ಹಾಗಲ್ಲ. ನಿಮ್ಮಲ್ಲಿ ಜಾಸ್ತಿ ಜನ ಫೋನಿನಲ್ಲೇ ಹೋಗುವವರು, ಹೋಗಿ. ನಿತ್ಯ ಬಳಸುವ ಫೋನನ್ನು ಮಾತ್ರ ಹ್ಯಾಂಡಲ್ಲಿಗೆ ಕಟ್ಟಬೇಡಿ. ಒಂದು ಕಾರಣ, ಅದು ಹಾಳಾದರೆ ಸಹಾಯಕ್ಕೆ ಕರೆಯಲು ಏನೂ ಉಳಿಯುವುದಿಲ್ಲ. ಇನ್ನೊಂದು, ಕ್ಯಾಮೆರಾ. ಕೈ ಅಲುಗಿದರೂ ಚಿತ್ರ ಅಲುಗದ ಹಾಗೆ ಮಾಡಲು ಒಳಗೆ ತೂಗಾಡುವ ಸಣ್ಣ ಭಾಗ ಇರುತ್ತದೆ. ಎಂಜಿನ್ ನಡುಕಕ್ಕೆ ಅದು ಕೆಡುತ್ತದೆ. ಆಪಲ್ ಕಂಪನಿಯೇ 2021ರಲ್ಲಿ ತನ್ನ ಫೋನುಗಳ ಬಗ್ಗೆ ಈ ಎಚ್ಚರಿಕೆ ಕೊಟ್ಟಿತು. ನನ್ನದು ಬೇರೆ ಕಂಪನಿಯ ಫೋನು, ಅದರ ಕ್ಯಾಮೆರಾ ಒಂದೇ ಬೇಸಿಗೆಯಲ್ಲಿ ಹೋಯಿತು. ಮಗಳ ಶಾಲೆಯ ನಾಟಕದ ಚಿತ್ರಗಳೆಲ್ಲ ಮಸುಕು ಮಸುಕು.

ಮನೆಯ ಕಪಾಟಿನಲ್ಲಿ ಹಳೆಯ ಫೋನು ಇರುತ್ತದಲ್ವಾ? ಅದನ್ನು ತೆಗೆಯಿರಿ. ಸಿಮ್ ಬೇಡ. ಬೇಡದ ಆ್ಯಪ್ ಎಲ್ಲ ಅಳಿಸಿ, ಮನೆಯ ವೈಫೈನಲ್ಲಿ ನಕ್ಷೆ ತುಂಬಿ. ನಡುಕ ಹೀರುವ ಹೋಲ್ಡರಿನಲ್ಲಿ ಕೂರಿಸಿ. ದನಿಯನ್ನು ಹೆಲ್ಮೆಟ್ಟಿನ ಬ್ಲೂಟೂತಿಗೆ ಕೊಡಿ, ಆಗ ಪರದೆ ಮುಟ್ಟುವ ಕೆಲಸವೇ ಕಡಿಮೆ. ನಿಜವಾದ ಫೋನು ಜಾಕೆಟ್ಟಿನ ಒಳಜೇಬಿನಲ್ಲಿ ಬೆಚ್ಚಗಿರಲಿ. ಕಡಿಮೆ ದುಡ್ಡಿನಲ್ಲಿ ಇದಕ್ಕಿಂತ ಒಳ್ಳೆಯ ಜಿಪಿಎಸ್ ನನಗೆ ಗೊತ್ತಿಲ್ಲ. ಗಾಡಿಯಲ್ಲೇ ಬರುವ ಪರದೆಗಳೂ ಇವೆ. 2020ರಲ್ಲಿ ರಾಯಲ್ ಎನ್‌ಫೀಲ್ಡ್‌ನ ಮೀಟಿಯರ್ 350 ಬೈಕಿನ ಜೊತೆ ಬಂದ ಟ್ರಿಪ್ಪರ್ ಅನ್ನುವ ಸಣ್ಣ ಪರದೆ ಬಾಣದ ಗುರುತು ತೋರಿಸುತ್ತದೆ. ಕಣ್ಣಿಗೆ ಹಿತ, ನೀರಿನ ಚಿಂತೆ ಇಲ್ಲ. ಆದರೆ ಲೆಕ್ಕ ಹಾಕುವುದು ಜೇಬಿನಲ್ಲಿರುವ ಫೋನೇ, ಅದು ನೆನಪಿರಲಿ.

ಕಾನೂನಿನ ಮಾತೂ ಕೇಳುತ್ತಾರೆ. 2020ರ ಅಕ್ಟೋಬರಿನಿಂದ ಬಂದ ನಿಯಮದ ಪ್ರಕಾರ ಗಾಡಿ ಓಡಿಸುವಾಗ ಫೋನನ್ನು ದಾರಿ ನೋಡುವುದಕ್ಕೆ ಮಾತ್ರ ಬಳಸಬಹುದು, ಅದೂ ಗಮನ ಕದಲದ ಹಾಗೆ.

ನನ್ನ ಕಸುಬಿನ ಮಾತು ಈಗ ಬರುತ್ತದೆ, ಸ್ವಲ್ಪ ಉದ್ದ ಹೇಳುತ್ತೇನೆ. ಹದಿನೈದು ಸಾವಿರದ ಯಂತ್ರ ಆಗಲಿ, ಐವತ್ತು ಸಾವಿರದ್ದಾಗಲಿ, ಅದು ನಂಬಿಕೊಂಡಿರುವುದು ನೂರು ರೂಪಾಯಿಯ ವೈರನ್ನು. ಈಚೆಗೆ ಒಂದು ಗಾಡಿ ಬಂತು. ‘ಎಡಕ್ಕೆ ತಿರುಗಿದಾಗ ಜಿಪಿಎಸ್ ಆಫ್ ಆಗ್ತದೆ’ ಅಂದರು. ಟ್ಯಾಂಕ್ ಎತ್ತಿ ನೋಡಿದೆ. ವೈರನ್ನು ಹ್ಯಾಂಡಲಿನಿಂದ ನೇರ ಎಳೆದು ಬಿಗಿಯಾಗಿ ಕಟ್ಟಿದ್ದರು. ಹ್ಯಾಂಡಲ್ ಪೂರ್ತಿ ತಿರುಗಿದಾಗಲೆಲ್ಲ ಅದು ಫ್ರೇಮಿಗೂ ಫೋರ್ಕಿಗೂ ಮಧ್ಯೆ ಸಿಕ್ಕಿಕೊಳ್ಳುತ್ತಿತ್ತು. ಮೇಲಿನ ಸಿಪ್ಪೆ ಹರಿದು ತಾಮ್ರ ಕಾಣುತ್ತಿತ್ತು, ಮಳೆ ನೀರು ಕುಡಿದು ಹಸಿರಾಗಿತ್ತು. ಏಳು ಎಳೆಯಲ್ಲಿ ಎರಡು ಎಳೆ ಉಳಿದಿತ್ತು. ಆ ಗಾಡಿಯಲ್ಲಿ ಫ್ಯೂಸೂ ಇರಲಿಲ್ಲ. ಇನ್ನೊಂದು ವಾರ ಬಿಟ್ಟಿದ್ದರೆ ಟ್ಯಾಂಕಿನ ಕೆಳಗೇ ಶಾರ್ಟ್ ಆಗುತ್ತಿತ್ತು.

ಅದಕ್ಕೇ ಹೇಳುತ್ತೇನೆ. ವೈರ್ ಹಾಕಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ವೈರ್ ಎಲ್ಲೂ ಬಿಗಿಯಬಾರದು. ಹೋಲ್ಡರ್ ಟ್ಯಾಂಕಿಗೆ ತಾಗಬಾರದು, ಮೀಟರನ್ನು ಮುಚ್ಚಬಾರದು. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ಚಾರ್ಜರ್ 15 ವ್ಯಾಟ್ ಕೊಟ್ಟರೆ 12 ವೋಲ್ಟಿನಲ್ಲಿ ನಷ್ಟ ಸೇರಿ ಒಂದೂವರೆ ಆಂಪಿಯರ್ ಆಗಬಹುದು, 3 ಆಂಪಿಯರ್ ಫ್ಯೂಸ್ ಸಾಕು. ಕನೆಕ್ಷನ್ನನ್ನು ರಿಲೇ ಮೂಲಕ ಕೊಡಿಸಿ, ಕೀ ಆಫ್ ಆದರೆ ಚಾರ್ಜರೂ ಆಫ್ ಆಗಬೇಕು. ಸುಮ್ನೆ ನಿಂತ ಚಾರ್ಜರ್ 20 ಮಿಲಿ ಆಂಪಿಯರ್ ಎಳೆದರೂ ಹದಿನೈದು ದಿನಕ್ಕೆ 7.2 ಆಂಪಿಯರ್ ಅವರ್ ಆಗುತ್ತದೆ. ನಿಮ್ಮ ಬ್ಯಾಟರಿ ಇರುವುದೇ 8. ಕನೆಕ್ಟರಿನ ಒಳಗೆ ಸ್ವಲ್ಪ ವ್ಯಾಸಲಿನ್ ಸವರಿ, ಬಾಯಿ ಕೆಳಮುಖವಾಗಿರಲಿ, ನೀರು ನಿಲ್ಲುವುದಿಲ್ಲ.

ಹೊರಡುವ ಹಿಂದಿನ ರಾತ್ರಿಯ ಕೆಲಸ ಒಂದಿದೆ. ದೊಡ್ಡ ಪರದೆಯಲ್ಲಿ ದಾರಿ ಬರೆದು ಜಿಪಿಎಕ್ಸ್ ಫೈಲ್, ಅಂದರೆ ಜಿಪಿಎಸ್ ಯಂತ್ರ ಓದಬಲ್ಲ ದಾರಿಯ ಫೈಲ್ ಮಾಡಿಕೊಳ್ಳಿ. ಅದರಲ್ಲಿ ಎರಡು ಥರ. ರೂಟ್ ಅಂದರೆ ನಾಲ್ಕಾರು ಜಾಗದ ಪಟ್ಟಿ, ನಡುವಿನ ದಾರಿಯನ್ನು ಯಂತ್ರ ತಾನೇ ಆರಿಸುತ್ತದೆ. ಟ್ರ್ಯಾಕ್ ಅಂದರೆ ನೀವು ಎಳೆದ ಗೆರೆ, ಅದನ್ನು ಯಂತ್ರ ಬದಲಾಯಿಸುವುದಿಲ್ಲ. ದಣಪೆ, ಕಾಲುಸಂಕದ ಸೀಮೆಯಲ್ಲಿ ನನಗೆ ಟ್ರ್ಯಾಕೇ ಬೇಕು. ಟ್ರ್ಯಾಕ್ ತೋರಿಸಲು ಬಾರದ ಯಂತ್ರವನ್ನು ನಾನು ಯಾರಿಗೂ ಕೊಳ್ಳಿ ಅನ್ನುವುದಿಲ್ಲ. ಪೆಟ್ರೋಲ್ ಬಂಕು, ಪಂಕ್ಚರ್ ಅಂಗಡಿ, ಆಸ್ಪತ್ರೆಗಳನ್ನೂ ಗುರುತು ಹಾಕಿಟ್ಟುಕೊಳ್ಳಿ.

ಒಂದು ಎಚ್ಚರಿಕೆ, ದಯವಿಟ್ಟು ಗಮನ ಕೊಡಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರಗಳು ಬಂದಿವೆ. ಗಾರ್ಮಿನ್‌ನ ಇನ್‌ರೀಚ್, ಮೊಂಟಾನಾ 700ಐ, ಜಿಪಿಎಸ್‌ಮ್ಯಾಪ್ 67ಐ, ಹೀಗೆ. ಜಿಪಿಎಸ್ ಬರೀ ಕೇಳಿಸಿಕೊಳ್ಳುವ ಯಂತ್ರ, ಅದಕ್ಕೆ ಅಡ್ಡಿಯಿಲ್ಲ. ಇವು ತಿರುಗಿ ಮಾತಾಡುವ ಯಂತ್ರಗಳು. ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಇವನ್ನು ಇಟ್ಟುಕೊಳ್ಳುವಂತಿಲ್ಲ. ಇಂಥದ್ದನ್ನು ಬ್ಯಾಗಿನಲ್ಲಿ ತಂದ ಪ್ರವಾಸಿಗರನ್ನು ವಿಮಾನ ನಿಲ್ದಾಣದಲ್ಲಿ ಹಿಡಿದ ಪ್ರಕರಣಗಳಿವೆ. ಹೊರದೇಶದಿಂದ ಯಾರಾದರೂ ಪ್ರೀತಿಯಿಂದ ತಂದುಕೊಡುತ್ತೇನೆ ಅಂದರೆ ಮೊದಲೇ ಬೇಡ ಅನ್ನಿ.

ಅಪಾಯದಲ್ಲಿ ಕರೆ ಮಾಡಲು 112 ಇದೆ. ಯಾವ ಕಂಪನಿಯ ಟವರ್ ಸಿಕ್ಕರೂ ಹೋಗುತ್ತದೆ. ಆಗ ಯಂತ್ರ ತೋರಿಸುವ ಅಕ್ಷಾಂಶ, ರೇಖಾಂಶದ ಅಂಕಿ ಓದಿ ಜಾಗ ಹೇಳಬೇಕಾಗುತ್ತದೆ. ಆಗುಂಬೆ ಸುಮಾರು 13.50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಗಾಬರಿಯಲ್ಲಿ ಅದನ್ನು ‘ಹದಿಮೂರು ಡಿಗ್ರಿ ಐವತ್ತು ನಿಮಿಷ’ ಅಂತ ಓದಿದರೆ 37 ಕಿಲೋಮೀಟರ್ ಉತ್ತರಕ್ಕೆ, ಹೊಸನಗರದ ಕಡೆ ಹುಡುಕಲು ಹೋಗುತ್ತಾರೆ. ‘ಹದಿಮೂರು ಪಾಯಿಂಟ್ ಐದು ಸೊನ್ನೆ’ ಅಂತ ಒಂದೊಂದೇ ಅಂಕಿ ಓದಿ ಹೇಳುವುದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ಹೆಂಡತಿ ಮಕ್ಕಳಿಗೂ ಕಲಿಸಿ, ಫೋನಿನ ಆ ತುದಿಯಲ್ಲಿ ಬರೆದುಕೊಳ್ಳುವವರು ಅವರೇ ಇರಬಹುದು.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ, ‘ನಿಮ್ಮ ಗಾಡಿಯಲ್ಲಿ ಏನಿದೆ?’ ಅಂತ. ಆರು ವರ್ಷದ ಹಳೆಯ ಫೋನು, ಎರಡು ನಕ್ಷೆ, ಜೇಬಿನಲ್ಲಿ ಬಟನ್ ಇರುವ ಸಣ್ಣ ಯಂತ್ರ. ನನ್ನ ಸವಾರಿ ಹೆಚ್ಚೆಂದರೆ ಎರಡು ದಿನದ್ದು, ಅದಕ್ಕೆ ಇಷ್ಟು ಸಾಕು. ತಿಂಗಳಿಗೆ ನಾಲ್ಕು ಸಲ ಘಾಟಿ ಇಳಿಯುವವರು, ಲಡಾಖಿನವರೆಗೆ ಹೋಗುವವರು ಬೈಕಿನದ್ದೇ ಯಂತ್ರ ತಗೊಳ್ಳಿ, ದುಡ್ಡು ವ್ಯರ್ಥವಾಗುವುದಿಲ್ಲ.

ಗೆಳೆಯರೊಬ್ಬರು ತಮ್ಮ ಜೂಮೊ ತಂದಿದ್ದಾರೆ, ನನ್ನ ಫೋನಿನ ಪಕ್ಕದಲ್ಲೇ ಅದನ್ನೂ ಕಟ್ಟಿ ಗಾಡಿ ಹೊರಗೆ ನಿಲ್ಲಿಸಿದ್ದೇನೆ. ಮಳೆ ಬರುತ್ತಿದೆ, ಒಳ್ಳೆಯದೇ ಆಯಿತು. ಕೈಗವಸು ತಂದವರು ಹಾಕಿಕೊಂಡು ಬನ್ನಿ, ಇಲ್ಲದವರಿಗೆ ನನ್ನದು ಕೊಡುತ್ತೇನೆ. ಎರಡರಲ್ಲೂ ಸಿದ್ದಾಪುರ ಹುಡುಕಿ ನೋಡಿ.